ಬಾಂದುಗಲ್ಲಿನ ಬುಡ ಕಾಣುತ್ತಿದೆ: ನಮ್ಮ ಹೊಲಗಳೂ ಮರಳುಗಾಡಾಗುತ್ತಿವೆಯಾ?

ಹಗರಿದಂಡೆ (ಬಳ್ಳಾರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನಮ್ಮ ಹೊಲದ ಮೂಲೆಯಲ್ಲಿ ಒಂದು ಬಾಂದುಗಲ್ಲಿದೆ. ಅಪ್ಪ ಮತ್ತು ದೊಡ್ಡಪ್ಪಂದಿರು ಭಾಗ ಆದಾಗ ನೆಟ್ಟಿದ್ದು. ನಲವತ್ತು ವರ್ಷದ ಮೇಲಾಯಿತು. ಕಲ್ಲಿನ ಮೇಲ್ಭಾಗವನ್ನು ಉಳಿಯಿಂದ ಸಾಪು ಮಾಡಿದ್ದಾರೆ. ಹೂಳುವ ಭಾಗವನ್ನು ಒರಟಾಗಿಯೇ ಬಿಟ್ಟಿದ್ದಾರೆ. ನೆಟ್ಟಾಗ ಒರಟು ಭಾಗ ಪೂರ್ತಿ ಮಣ್ಣಿನೊಳಗೆ ಇತ್ತು ಎಂದು ಅಪ್ಪ ಹೇಳುತ್ತಾರೆ. ಮೊನ್ನೆ ಹರಗಲು ಹೋದಾಗ ಎತ್ತು ನಿಲ್ಲಿಸಿ ಅಲ್ಲೇ ಕೂತೆ. ಒರಟು ಭಾಗ ನಾಲ್ಕು ಬೆರಳಷ್ಟು ಹೊರಗೆ ಬಂದಿದೆ. ಬೆರಳಿಟ್ಟು ಎರಡು ಸಲ ಅಳೆದೆ.

ಕಲ್ಲು ಮೇಲೆ ಬರಲಿಲ್ಲ, ನೆಲ ಕೆಳಗೆ ಹೋಯಿತು. ಊರಲ್ಲಿ ಜನ ‘ಹೊಲದಲ್ಲಿ ಕಲ್ಲು ಹುಟ್ಟುತ್ತಿವೆ, ವರ್ಷ ವರ್ಷ ಆರಿಸಿದರೂ ಮುಗಿಯುವುದಿಲ್ಲ’ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅರ್ಥವಾಯಿತು, ಮಣ್ಣು ಹೋಗಿ ಕೆಳಗಿನ ಗರಸು ಕಾಣುತ್ತಿದೆ.

ಇನ್ನೊಂದು ವಿಷಯ. ನಮ್ಮತ್ತೆಯ ಊರು ಹಗರಿ ಹೊಳೆ ದಾಟಿದರೆ ಸಿಗುತ್ತದೆ, ಆಂಧ್ರದ ಬೊಮ್ಮನಹಾಳ್ ಕಡೆ. ಅಲ್ಲೂ ಮನೆಯಲ್ಲಿ ಕನ್ನಡವೇ. ಆ ಭಾಗದಲ್ಲಿ, ದರ್ಗಾ ಹೊನ್ನೂರಿನ ಸುತ್ತಮುತ್ತ, ಮರಳಿನ ದಿಬ್ಬಗಳಿವೆ. ನೋಡಿದರೆ ರಾಜಸ್ಥಾನ ಅನ್ನಬೇಕು, ಹಾಗಿವೆ. ಹೋದ ಆಷಾಢದಲ್ಲಿ ನಾಲ್ಕು ದಿನ ಅಲ್ಲಿದ್ದೆ. ಗಾಳಿ ಎದ್ದರೆ ಬಾಗಿಲು ಹಾಕಿಕೊಂಡು ಕೂರಬೇಕು. ಅತ್ತೆ ಹೊಸ್ತಿಲಿಗೆ ಒದ್ದೆ ಗೋಣಿಚೀಲ ಹಾಸುತ್ತಾರೆ. ಮೊಸರಿನ ಗಡಿಗೆಗೆ ಬಟ್ಟೆ ಕಟ್ಟುತ್ತಾರೆ. ಆದರೂ ರೊಟ್ಟಿ ಮುರಿದು ಬಾಯಿಗಿಟ್ಟರೆ ಹಲ್ಲಿಗೆ ಕರಕರ. ಸಜ್ಜೆ ಬಿತ್ತಿದ್ದ ಹೊಲದಲ್ಲಿ ಮೊಳಕೆ ಮರಳಿನಡಿ ಹೋಗಿತ್ತು. ಮಾವ ಎರಡನೇ ಸಲ ಬಿತ್ತಿದರು. ಅವರ ಹೊಲದ ದಂಡೆಯಲ್ಲಿ ಒಂದು ಬೇವಿನ ಮರವಿದೆ. ಚಿಕ್ಕವನಿದ್ದಾಗ ಅದರ ಮೊದಲ ಕವಲು ನನಗೆ ಎಟುಕುತ್ತಿರಲಿಲ್ಲ. ಈಗ ಅದೇ ಕವಲಿನ ಮೇಲೆ ಕೂತು ಕಾಲು ಚಾಚಿದರೆ ಪಾದ ಮರಳಿಗೆ ತಾಗುತ್ತದೆ.

ಅಲ್ಲಿ ಮರ ಹೂತು ಹೋಗುತ್ತಿದೆ. ಇಲ್ಲಿ ಕಲ್ಲು ಎದ್ದು ಬರುತ್ತಿದೆ. ಎರಡೂ ಒಂದೇ ರೋಗವಾ? ತಿಳಿದವರು ಹೇಳಿ. ನಿಮ್ಮ ಊರಿನಲ್ಲಿ ಏನು ಕಾಣುತ್ತಿದೆ ಅದನ್ನೂ ಬರೆಯಿರಿ.

ಮಣ್ಣು ಓದುವವ (ಧಾರವಾಡ)

ಹಗರಿದಂಡೆ ಅವರೇ, ನೀವು ಕೂತು ಅಳೆದಿದ್ದು ತುಂಬಾ ದೊಡ್ಡ ಕೆಲಸ. ನಾನು ಮಣ್ಣಿನ ವಿಷಯವನ್ನೇ ಓದಿದವನು. ನಿಮ್ಮ ನಾಲ್ಕು ಬೆರಳನ್ನು ಲೆಕ್ಕ ಹಾಕಿ ನೋಡಿದೆ. ನಾಲ್ಕು ಬೆರಳು ಅಂದರೆ ಏಳೂವರೆ ಸೆಂಟಿಮೀಟರ್. ಒಂದು ಎಕರೆಯಲ್ಲಿ ಅಷ್ಟು ದಪ್ಪ ಮಣ್ಣು ಹೋದರೆ ಸುಮಾರು 300 ಘನ ಮೀಟರ್. ಟ್ರಾಕ್ಟರ್ ಟ್ರೇಲರ್‌ಗೆ ಮೂರು ಘನ ಮೀಟರ್ ಹಿಡಿಯುತ್ತದೆ ಅಂದುಕೊಂಡರೆ ಎಕರೆಗೆ ನೂರು ಟ್ರೇಲರ್ ಮಣ್ಣು. ಯಾರಾದರೂ ರಾತ್ರಿ ಬಂದು ನೂರು ಲೋಡು ಹೊತ್ತೊಯ್ದಿದ್ದರೆ ಇಡೀ ಊರು ಎದ್ದು ನಿಲ್ಲುತ್ತಿತ್ತು ಅಲ್ವಾ? ಮಳೆ ಮತ್ತು ಗಾಳಿ ನಲವತ್ತು ವರ್ಷದಲ್ಲಿ ಹೊತ್ತೊಯ್ದರೆ ಯಾರಿಗೂ ಕಾಣುವುದಿಲ್ಲ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು.

ಒಂದು ಎಚ್ಚರಿಕೆ. ಮೂಲೆಯ ಕಲ್ಲೊಂದನ್ನೇ ನೋಡಿ ಇಡೀ ಹೊಲದ ಲೆಕ್ಕ ಹಾಕಬೇಡಿ. ಮೂಲೆಯಲ್ಲಿ ನೀರು ಹರಿದು ಜಾಸ್ತಿ ಕೊರೆದಿರಬಹುದು. ಮೇಲಿನ ತುದಿ, ನಡು, ಕೆಳಗಿನ ತುದಿ, ಮೂರೂ ಕಡೆ ನೋಡಿ. ಹಳೆಯ ಮರ ಇದ್ದರೆ ಅದರ ಬೇರು ಎಷ್ಟು ಹೊರಗೆ ಬಂದಿದೆ ನೋಡಿ.

ಎರಡೂ ಒಂದೇ ರೋಗವಾ ಎಂದು ಕೇಳಿದ್ದೀರಿ. ಹೌದು ಅಂತಲೇ ಹೇಳುತ್ತೇನೆ. ಮರುಭೂಮಿ ಅಂದ ತಕ್ಷಣ ನಮಗೆ ಮರಳು, ಒಂಟೆ ನೆನಪಾಗುತ್ತವೆ. ವಿಶ್ವಸಂಸ್ಥೆಯಡಿ 1994ರ ಜೂನ್ 17ರಂದು ಆದ ಒಪ್ಪಂದದಲ್ಲಿ ಅರ್ಥ ಬೇರೆ ಇದೆ. ಮಳೆ ಕಡಿಮೆ ಇರುವ ಸೀಮೆಗಳಲ್ಲಿ ನೆಲ ತನ್ನ ಕಸುವು ಕಳೆದುಕೊಳ್ಳುವುದನ್ನೇ ಅಲ್ಲಿ ಮರುಭೂಮಿಯಾಗುವುದು ಎಂದು ಕರೆದಿದ್ದಾರೆ. ಹವಾಮಾನದಿಂದ ಆದರೂ ಸರಿ, ನಮ್ಮ ಕೈಯಿಂದ ಆದರೂ ಸರಿ. ಅದಕ್ಕೆ ಹೊರಗಿನಿಂದ ಮರಳು ಬರಲೇಬೇಕು ಅಂತಿಲ್ಲ.

ಇಸ್ರೊದವರು ಉಪಗ್ರಹ ಚಿತ್ರಗಳಿಂದ ದೇಶದ ನಕ್ಷೆ ಮಾಡಿದ್ದಾರೆ. 2018-19ರಲ್ಲಿ 9 ಕೋಟಿ 78 ಲಕ್ಷ ಹೆಕ್ಟೇರ್ ನೆಲ ಹಾಳಾಗಿದೆ ಎಂದು ಅದರಲ್ಲಿದೆ. ದೇಶದ ಒಟ್ಟು ನೆಲದ ಶೇ. 29.77. 2003-05ರಲ್ಲಿ ಇದು ಶೇ. 28.76 ಇತ್ತು. ದೇಶದಲ್ಲಿ ಮಣ್ಣು ಕೊಚ್ಚಿ ಒಯ್ಯುವ ನೀರೇ ಮೊದಲ ಕಾರಣ. ಗಿಡ-ಹುಲ್ಲು ನಾಶವಾಗಿದ್ದು ಎರಡನೆಯದು. ಗಾಳಿ ಮೂರನೆಯದು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೆಲ ಈ ನಕ್ಷೆಯಲ್ಲಿ ಬಣ್ಣ ಬಳಿಸಿಕೊಂಡಿದೆ.

ಹಗರಿಯ ಮರಳಿನ ಕಥೆಯೂ ಇದಕ್ಕೇ ಸೇರುತ್ತದೆ. ಒದ್ದೆ ಮರಳು ಹಾರುವುದಿಲ್ಲ. ನದಿ ಒಣಗಿದ ಮೇಲೆ ಹಾರುತ್ತದೆ. ಹಗರಿಗೆ ಮೇಲ್ಭಾಗದಲ್ಲಿ ವೇದಾವತಿ ಅಂತ ಹೆಸರು. ಅದಕ್ಕೆ ಮಾರಿಕಣಿವೆಯಲ್ಲಿ (ವಾಣಿವಿಲಾಸ ಸಾಗರ) 1907ರ ಹೊತ್ತಿಗೆ ಅಣೆಕಟ್ಟು ಮುಗಿಯಿತು. ಕೆಳಗೆ ಆಂಧ್ರದಲ್ಲಿ ಭೈರವಾನಿತಿಪ್ಪ ಜಲಾಶಯ ಬಂತು. ನಡುವೆ ಲೆಕ್ಕವಿಲ್ಲದಷ್ಟು ಬೋರ್‌ವೆಲ್ ಬಂದವು. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ಅಷ್ಟು ವರ್ಷ ಕೆಳಗಿನ ಪಾತ್ರದಲ್ಲಿ ಹರಿದ ನೀರು ಎಷ್ಟಿರಬಹುದು ಯೋಚಿಸಿ. ಒಣ ಪಾತ್ರ, ದಂಡೆಯಲ್ಲಿ ಗಿಡವಿಲ್ಲ, ನೈಋತ್ಯದಿಂದ ಆಷಾಢದ ಗಾಳಿ. ನಿಮ್ಮತ್ತೆಯ ರೊಟ್ಟಿಗೆ ಮರಳು ಬಂದ ದಾರಿ ಇದು.

ಎಡದಂಡೆ (ಸಿಂಧನೂರು)

ನಮ್ಮ ಕಡೆ ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ ಹೊಲ ಸತ್ತಿದೆ. ಇದನ್ನು ಯಾರೂ ಮರುಭೂಮಿ ಎನ್ನುವುದಿಲ್ಲ. ಆದರೆ ಬೆಳೆ ಬರದಿದ್ದ ಮೇಲೆ ಹೆಸರು ಏನಾದರೇನು?

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಆಗ ಹಾಕಿದ್ದ ಲೆಕ್ಕ ಬೇರೆ. ಜೋಳ, ಹತ್ತಿ, ಶೇಂಗಾಕ್ಕೆ ಒಂದೆರಡು ಸಲ ನೀರು ಕೊಟ್ಟು ಬರದಿಂದ ಬಚಾವು ಮಾಡುವುದು. ನೀರು ಕಂಡ ಮೇಲೆ ನಾವು ಎರಡೂ ಬೆಳೆ ಭತ್ತ ಹಾಕಿದೆವು. ನಮ್ಮಪ್ಪನೂ ಹಾಕಿದರು. ತಪ್ಪು ಅಂತ ಆಗ ಅನ್ನಿಸಲಿಲ್ಲ, ಮನೆ ಕಟ್ಟಿದ್ದು ಅದರಿಂದಲೇ. ಎರೆ ಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ. ಕೆಳಗಿನ ನೀರು ಮೇಲೆ ಮೇಲೆ ಬಂತು. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಉಪ್ಪು ಮಾತ್ರ ನಿಲ್ಲುತ್ತದೆ.

ನಮ್ಮ ಹೊಲದ ತಗ್ಗಿನ ಎರಡು ಎಕರೆ ಈಗ ಸವಳು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಹೋದರೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಕಾಲಿಟ್ಟರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯುತ್ತದೆ, ಕೆಳಗೆ ಪುಸಪುಸ ಪುಡಿ. ಭತ್ತದ ಸಸಿ ಹಚ್ಚಿದರೆ ತುದಿ ಸುಟ್ಟ ಹಾಗೆ ಆಗಿ ಕೂತುಬಿಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳಿನ ಮೇಲೇ ಕೆಲಸ ಮಾಡುತ್ತಾರೆ. ಅಲ್ಲಿ ಹೋಗಿ ಕೇಳಿದೆ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಜಿಪ್ಸಮ್ ಹಾಕಿ, ಡಯಂಚಾ (ಹಸಿರೆಲೆ ಗೊಬ್ಬರದ ಗಿಡ) ಬಿತ್ತಿ ಉತ್ತುಬಿಡಿ, ಎಲ್ಲಕ್ಕಿಂತ ಮೊದಲು ನೀರು ಹೊರಗೆ ಹೋಗುವ ದಾರಿ ಮಾಡಿ ಎಂದರು. ಸಮಸ್ಯೆ ಇರುವುದು ಅದರಲ್ಲೇ. ನನ್ನ ಹೊಲದ ನೀರು ಹೋಗಬೇಕಾದರೆ ಕೆಳಗಿನವನ ಹೊಲದಲ್ಲಿ ಬಸಿಗಾಲುವೆ ಬೇಕು. ಅವನು ಒಪ್ಪಬೇಕು.

ಇದೇ ಹೊತ್ತಿಗೆ ಕಾಲುವೆಯ ಕೊನೆಯ ಭಾಗದವರು, ಮಾನ್ವಿ, ಸಿರವಾರದ ಕಡೆಯವರು, ನೀರು ಬಂದಿಲ್ಲ ಎಂದು ರಸ್ತೆಯಲ್ಲಿ ಕೂರುತ್ತಾರೆ. ಮೇಲೆ ನೀರು ಜಾಸ್ತಿಯಾಗಿ ಹಾಳು, ಕೆಳಗೆ ನೀರಿಲ್ಲದೆ ಹಾಳು.

ಇನ್ನೊಂದು ಮಾತು, ಹಗರಿದಂಡೆ ಅಣ್ಣ. ನಿಮ್ಮ ನಾಲ್ಕು ಬೆರಳು ಮಣ್ಣು ಎಲ್ಲಿ ಹೋಯಿತು ಅಂತ ಕೇಳಿದರೆ, ಅಂಥ ಮಣ್ಣನ್ನೇ ನಾವು ದಿನಾ ನೋಡುತ್ತೇವೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು. ಅದು ಮೇಲಿನ ಸೀಮೆಯ ಹೊಲಗಳ ಮಣ್ಣು.

ಹಳೇ ಸಿಪಾಯಿ (ಗದಗ)

ಎಡದಂಡೆ ತಮ್ಮ ಬರೆದಿದ್ದು ಓದಿ ಬೇಜಾರಾಯಿತು. ನಾನು ಸೈನ್ಯದಲ್ಲಿದ್ದಾಗ ಏಳು ವರ್ಷ ರಾಜಸ್ಥಾನದಲ್ಲಿದ್ದೆ. ಬಿಕಾನೇರ್, ಜೈಸಲ್ಮೇರ್ ಎರಡೂ ಕಡೆ. ನಿಜವಾದ ಮರುಭೂಮಿ ನೋಡಿದವನಾಗಿ ಒಂದು ಮಾತು ಹೇಳಬೇಕು.

ಅಲ್ಲಿಯ ರೈತ ನಮಗಿಂತ ಹುಷಾರಿ. ಮಳೆ ನಮ್ಮ ಅರ್ಧವೂ ಇಲ್ಲ, ಆದರೂ ಹೊಲದ ನಡುವೆ ಮರ ಬಿಡುತ್ತಾನೆ. ಖೇಜ್ರಿ ಅಂತಾರೆ. ಮೊದಲ ವರ್ಷ ನನಗೆ ಗುರುತೇ ಸಿಗಲಿಲ್ಲ. ಆಮೇಲೆ ಒಂದು ದಿನ ಹತ್ತಿರ ಹೋಗಿ ಎಲೆ ಹಿಡಿದು ನೋಡಿದೆ. ನಮ್ಮ ಬನ್ನಿ! ದಸರೆಯಲ್ಲಿ ಕೈಗೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತೀವಲ್ಲ, ಅದೇ ಮರ. ಅಲ್ಲೇ ನಿಂತು ಅತ್ತುಬಿಟ್ಟೆ, ಊರಿನ ನೆನಪಿಗೆ.

ಅದರ ಬೇರು ಆಳಕ್ಕೆ ಹೋಗುತ್ತದೆ, ಬೆಳೆಯ ನೀರು ಕದಿಯುವುದಿಲ್ಲ. ಎಲೆ ಆಡಿಗೆ, ಕಾಯಿ ಪಲ್ಯಕ್ಕೆ. ಅದರ ಕೆಳಗೆ ಸಜ್ಜೆ ಬೇರೆ ಕಡೆಗಿಂತ ಚೆನ್ನಾಗಿ ಬರುತ್ತದೆ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಊರಲ್ಲಿ ಈ ಮರ ಉಳಿಸಲು ಅಮೃತಾದೇವಿ ಸೇರಿ 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ಆ ಜಾಗಕ್ಕೆ ಹೋಗಿ ಕೈ ಮುಗಿದು ಬಂದಿದ್ದೇನೆ.

ನಮ್ಮ ಹೊಲದಲ್ಲಿ ಹನ್ನೊಂದು ಬನ್ನಿ ಮರ ಇದ್ದವು. ರಜೆಗೆ ಬಂದಾಗ ಏಳು. ನಿವೃತ್ತಿಯಾಗಿ ಬಂದಾಗ ಒಂದು. ಟ್ರಾಕ್ಟರ್ ತಿರುಗಿಸಲು ಅಡ್ಡ ಬರುತ್ತವೆ ಅಂತ ತಮ್ಮ ತೆಗೆಸಿದ್ದ. ಎತ್ತಿಗೆ ಅಡ್ಡ ಬಾರದ ಮರ ಟ್ರಾಕ್ಟರಿಗೆ ಅಡ್ಡ ಬಂತು. ಈಗ ಆಷಾಢದಲ್ಲಿ ನಮ್ಮ ಮಸಾರಿ ಹೊಲದಿಂದ ಕೆಂಪು ಧೂಳು ಎದ್ದು ರಸ್ತೆ ದಾಟುತ್ತದೆ. ಮೊದಲು ಏಳುತ್ತಿರಲಿಲ್ಲ.

ಬಾಡಿಗೆ ಟ್ರಾಕ್ಟರ್ (ಕುಷ್ಟಗಿ)

ಸಿಪಾಯಿ ಅಣ್ಣಾವ್ರೇ, ನಮಸ್ಕಾರ. ನಿಮ್ಮ ಮಾತು ನನಗೆ ನಾಟಿತು. ನನ್ನದು ಟ್ರಾಕ್ಟರ್ ಬಾಡಿಗೆ ಕೆಲಸ, ಹದಿನಾರು ವರ್ಷದಿಂದ. ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ.

ನಾವು ಗಂಟೆ ಲೆಕ್ಕ. ಉದ್ದಕ್ಕೆ ಹೊಡೆದರೆ ತಿರುವು ಕಡಿಮೆ, ಬೇಗ ಮುಗಿಯುತ್ತದೆ. ರೈತನಿಗೆ ದುಡ್ಡು ಉಳಿಯುತ್ತದೆ. ಇಳಿಜಾರಿಗೆ ಅಡ್ಡ ಹೊಡೆಯಬೇಕು ಅಂತ ನನಗೂ ಗೊತ್ತು, ನಮ್ಮಜ್ಜ ಎತ್ತಿನಲ್ಲಿ ಹಾಗೇ ಹೊಡೆಯುತ್ತಿದ್ದ. ಆದರೆ ಈಗಿನ ಹೊಲ ನೋಡಿ. ಅಣ್ಣ ತಮ್ಮಂದಿರು ಭಾಗ ಆಗುವಾಗ ಎಲ್ಲರಿಗೂ ದಾರಿ ಬೇಕು, ಎಲ್ಲರಿಗೂ ಮೇಲಿನ ಮಣ್ಣೂ ತಗ್ಗಿನ ಮಣ್ಣೂ ಸಮ ಬರಬೇಕು. ಹಾಗಾಗಿ ಮೇಲಿನಿಂದ ಕೆಳಕ್ಕೆ ಉದ್ದುದ್ದ ಸೀಳುತ್ತಾರೆ. ರಿಬ್ಬನ್ ಹಾಗೆ. ಮೂವತ್ತು ಹೆಜ್ಜೆ ಅಗಲದ ಪಟ್ಟಿಯಲ್ಲಿ ಅಡ್ಡ ಹೊಡಿ ಅಂದರೆ ಟ್ರಾಕ್ಟರ್ ಎಲ್ಲಿ ತಿರುಗಬೇಕು? ಇಳಿಜಾರಿನಲ್ಲೇ ಹೊಡೆಯಬೇಕು. ಒಂದೊಂದು ಸಾಲೂ ಮಳೆ ಬಂದಾಗ ಕಾಲುವೆ ಆಗುತ್ತದೆ. ಹಳೇ ಒಡ್ಡು ಇದ್ದರೆ ‘ಅದನ್ನೂ ಸರಿಸಿಬಿಡು, ಎರಡು ಸಾಲು ಜಾಸ್ತಿ ಸಿಗುತ್ತದೆ’ ಅಂತಾರೆ. ನಾನು ಎಷ್ಟೋ ಒಡ್ಡು ಒಡೆದಿದ್ದೇನೆ. ಈಗ ಕೇಳಿದರೆ ಒಲ್ಲೆ ಅನ್ನುತ್ತೇನೆ, ಪಕ್ಕದ ಟ್ರಾಕ್ಟರ್ ಬಂದು ಒಡೆಯುತ್ತದೆ.

ಹಗರಿದಂಡೆ

ಕುಷ್ಟಗಿ ಅಣ್ಣ, ನೀವು ಬರೆದಿದ್ದು ಓದಿ ಎರಡು ದಿನ ನಿದ್ದೆ ಬರಲಿಲ್ಲ.

ನಮ್ಮದು ಅದೇ ಕಥೆ. ಅಜ್ಜನ ಕಾಲಕ್ಕೆ ಇಪ್ಪತ್ನಾಲ್ಕು ಎಕರೆ ಒಂದೇ ಹೊಲ. ಅಡ್ಡಕ್ಕೆ ಐದು ಒಡ್ಡು ಇದ್ದವಂತೆ. ಅಪ್ಪ ಮತ್ತು ಇಬ್ಬರು ದೊಡ್ಡಪ್ಪಂದಿರು ಭಾಗ ಆದಾಗ ಮೇಲಿನಿಂದ ಕೆಳಕ್ಕೆ ಮೂರು ಪಟ್ಟಿ ಮಾಡಿದರು. ಆ ಗೆರೆ ಗುರುತಿಸಲು ನೆಟ್ಟಿದ್ದೇ ಈ ಬಾಂದುಗಲ್ಲು. ಆವತ್ತಿನಿಂದ ಎಲ್ಲರೂ ಇಳಿಜಾರಿನಲ್ಲೇ ಬಿತ್ತುತ್ತಿದ್ದೇವೆ. ಒಡ್ಡುಗಳಲ್ಲಿ ಈಗ ಅರ್ಧ ಒಡ್ಡು ಮಾತ್ರ ಉಳಿದಿದೆ. ಮಣ್ಣು ಎಷ್ಟು ಹೋಯಿತು ಎಂದು ಈ ಕಲ್ಲು ತೋರಿಸುತ್ತಿದೆ ಅಂದುಕೊಂಡಿದ್ದೆ. ಮಣ್ಣು ಹೋಗಲು ಶುರುವಾಗಿದ್ದೇ ಈ ಕಲ್ಲು ನೆಟ್ಟ ದಿನದಿಂದ.

ಧಾರವಾಡದ ಸರ್ ಹೇಳಿದ ಹಾಗೆ ಮೂರು ಕಡೆ ನೋಡಿದೆ. ಮೇಲಿನ ತುದಿಯಲ್ಲಿ ಒಂದು ಜಾಲಿ ಮರದ ಬೇರು ಒಂದು ಗೇಣು ಹೊರಗೆ ಬಂದಿದೆ. ನಡುವಿನಲ್ಲಿ ನೋಡಲು ಗುರುತಿಲ್ಲ. ಕೆಳಗಿನ ಹಳ್ಳದ ಹತ್ತಿರ ಕೊರಕಲು ಬಿದ್ದಿದೆ, ಅದರೊಳಗೆ ಕರು ಇಳಿದರೆ ಹತ್ತಲು ಒದ್ದಾಡುತ್ತದೆ.

ದೂರದೂರಿನವ (ಅಮರಿಲ್ಲೊ, ಟೆಕ್ಸಾಸ್)

ನಾನು ಕೊಪ್ಪಳದವನು, ಈಗ ಇಲ್ಲಿ ಅಮೆರಿಕದಲ್ಲಿದ್ದೇನೆ. ನಾನಿರುವ ಈ ಸೀಮೆಯೇ ಒಂದು ಕಾಲಕ್ಕೆ ಧೂಳಿನಲ್ಲಿ ಮುಳುಗಿತ್ತು. ಇಲ್ಲಿ ಸಾವಿರಾರು ವರ್ಷ ಹುಲ್ಲುಗಾವಲಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿಗೆ ಒಳ್ಳೇ ಬೆಲೆ ಬಂತು. ಟ್ರಾಕ್ಟರ್ ಬಂದವು. ಹುಲ್ಲು ಕಿತ್ತು ಉತ್ತರು. 1931ರಿಂದ ಮಳೆ ಕೈಕೊಟ್ಟಿತು. ಉತ್ತ ನೆಲ ಹಾಗೇ ಗಾಳಿಗೆ ಎದ್ದಿತು. 1935ರ ಏಪ್ರಿಲ್ 14, ಭಾನುವಾರ, ಹಗಲೇ ಕತ್ತಲಾಯಿತು. ಇಲ್ಲಿಯ ಹಿರಿಯರು ಈಗಲೂ ಅದನ್ನು ಕಪ್ಪು ಭಾನುವಾರ ಎನ್ನುತ್ತಾರೆ. ಅದೇ ತಿಂಗಳು 27ಕ್ಕೆ ಅಮೆರಿಕದಲ್ಲಿ ಮಣ್ಣು ಉಳಿಸುವ ಕಾನೂನು ಬಂತು. ಇಳಿಜಾರಿಗೆ ಅಡ್ಡ ಉಳುವುದು, ಸಾಲು ಮರ ನೆಡುವುದು, ಹುಲ್ಲು ಮತ್ತೆ ಹಾಕುವುದು, ಎಲ್ಲಾ ಶುರುವಾಯಿತು. ಗಾಳಿ ತಡೆಯಲು 20 ಕೋಟಿಗೂ ಜಾಸ್ತಿ ಮರ ನೆಟ್ಟರು.

ನಾನು ಇದನ್ನು ಯಾಕೆ ಬರೆದೆ ಅಂದರೆ, ಹುಲ್ಲು ಕಿತ್ತಾಗಿನಿಂದ ಧೂಳು ಏಳುವ ತನಕ ಇಲ್ಲಿ ಹಿಡಿದಿದ್ದು ಹೆಚ್ಚೆಂದರೆ ಒಂದು ತಲೆಮಾರು. ಲಕ್ಷಾಂತರ ಜನ ಊರು ಬಿಟ್ಟರು. ನಮ್ಮ ಕಡೆಯ ಭಾಷೆಯಲ್ಲಿ ಹೇಳಬೇಕಾದರೆ ಗುಳೆ ಹೋದರು.

ಕುರಿಹಟ್ಟಿ (ಚಳ್ಳಕೆರೆ)

ಗುಳೆ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಹಟ್ಟಿಯಲ್ಲಿ ದೀಪಾವಳಿ ಮುಗಿದ ಮೇಲೆ ಅರ್ಧ ಮನೆಗೆ ಬೀಗ. ಬೆಂಗಳೂರಿನ ಕಟ್ಟಡ ಕೆಲಸ, ಮಲೆನಾಡಿನ ತೋಟದ ಕೆಲಸ. ಅಜ್ಜಿ ಮತ್ತು ಮೊಮ್ಮಗು ಉಳಿಯುತ್ತಾರೆ. ಶಾಲೆಯ ಹಾಜರಿ ಪುಸ್ತಕ ನೋಡಿದರೆ ಯಾವ ತಿಂಗಳು ಮಳೆ ಹೋಯಿತು ಅಂತ ಹೇಳಬಹುದು.

ಕುರಿ ಮೇಯಿಸಿ ನೆಲ ಹಾಳಾಯಿತು ಅಂತ ನಮ್ಮನ್ನು ದೂರುವವರಿದ್ದಾರೆ. ಒಂದೇ ಕಡೆ ಮೇಯಿಸಿದರೆ ಹಾಳಾಗುತ್ತದೆ, ಒಪ್ಪುತ್ತೇನೆ. ಆದರೆ ನಾವು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಮೊದಲು ನಮ್ಮ ಸುತ್ತ ಸಾವಿರಾರು ಎಕರೆ ಕಾವಲು ಇತ್ತು, ಅಮೃತಮಹಲ್ ದನ ಮೇಯುತ್ತಿದ್ದ ಹುಲ್ಲು. ಅದರಲ್ಲಿ ತುಂಬಾ ಭಾಗ ಬೇಲಿಯೊಳಗೆ ಹೋಯಿತು. ಉಳಿದ ತುಂಡಿನ ಮೇಲೆ ಅಷ್ಟೂ ಕುರಿ ಬಿದ್ದವು. ಹುಲ್ಲು ಬುಡ ಸಮೇತ ಹೋಯಿತು. ಕಾವಲಿನ ಹುಲ್ಲು ಹೋದರೆ ಬರೀ ಮೇವು ಹೋಯಿತು ಅಂತ ತಿಳಿಯಬೇಡಿ, ಕೆರೆಗೆ ಹರಿಯುವ ನೀರಿಗೆ ಅದೇ ಸೋಸುವ ಬಟ್ಟೆ ಆಗಿತ್ತು.

ಮೊದಲು ಹಿಂಗಾರಿ ಮುಗಿದ ಮೇಲೆ ರೈತರೇ ಕರೆದು ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಒಂದು ರಾತ್ರಿಗೆ ಇಷ್ಟು ಕಾಳು ಅಂತ ಕೊಡುತ್ತಿದ್ದರು. ಬೆಳಿಗ್ಗೆ ಎದ್ದರೆ ನೆಲ ಹಿಕ್ಕೆಯಿಂದ ಕಪ್ಪಗೆ ಆಗಿರುತ್ತಿತ್ತು. ಈಗ ಕರೆಯುವವರು ಬಹಳ ಕಡಿಮೆ. ಚೀಲದ ಗೊಬ್ಬರ ಸಾಕು ಅಂತಾರೆ.

ಇನ್ನು ನಮ್ಮೂರಿನ ಶೇಂಗಾ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದಿದ್ದೇ ಅದರಿಂದ. ಅನಂತಪುರದಲ್ಲೂ ಅದೇ. ಆದರೆ ಶೇಂಗಾವನ್ನು ಬುಡ ಸಮೇತ ಕೀಳುತ್ತೇವೆ. ಬಳ್ಳಿ ದನಕ್ಕೆ, ಕಾಯಿ ಗಿರಣಿಗೆ. ನೆಲದಲ್ಲಿ ಬೇರೂ ಇಲ್ಲ, ಕೂಳೆಯೂ ಇಲ್ಲ. ಕಿತ್ತ ಹೊಲ ಮುಂದಿನ ಮುಂಗಾರಿನ ತನಕ ಬರೀ ಮೈಯಲ್ಲಿ ಮಲಗಿರುತ್ತದೆ. ಮೊದಲು ಅದರ ಜೊತೆ ತೊಗರಿ ಅಕ್ಕಡಿ ಸಾಲು, ಸಜ್ಜೆ, ಹುರುಳಿ ಇರುತ್ತಿದ್ದವು. ಈಗ ಎಲ್ಲೆಲ್ಲೂ ಒಂದೇ.

ಪಾವಗಡದ ಹುಡುಗ

ನಮ್ಮ ಕಡೆ ಹೊಲಗಳ ಮೇಲೆ ಈಗ ಸೋಲಾರ್ ಹಲಗೆ ಇವೆ. 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ನಮ್ಮಪ್ಪ ಕೊಟ್ಟರು. ಶೇಂಗಾ ಹಾಕಿ ಸಾಲ ಮಾಡುವುದಕ್ಕಿಂತ ಇದೇ ವಾಸಿ ಅಂದರು. ನಾನು ತಪ್ಪು ಅನ್ನುವುದಿಲ್ಲ, ಆ ದುಡ್ಡಿನಿಂದಲೇ ನಾನು ಓದಿದೆ. ಆದರೆ ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದ ಅಕ್ಕನಿಗೆ ಹೊಲ ಇರಲಿಲ್ಲ. ಅವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಹೋಯಿತು. ನೆಲ ಸತ್ತರೆ ನೆಲ ಇದ್ದವರಿಗಿಂತ ಇಲ್ಲದವರಿಗೇ ಮೊದಲು ಪೆಟ್ಟು.

ಕೋಲಾರದಕ್ಕ

ನಮ್ಮದು ಸಣ್ಣ ಮಾತು. ಮೂರು ಎಕರೆಗೆ ನೀಲಗಿರಿ ಹಾಕಿದ್ದೆವು, ನೋಡಿಕೊಳ್ಳುವ ಕೆಲಸ ಇಲ್ಲ ಅಂತ. ಬೋರು ಸಾವಿರದ ಮೇಲೆ ಅಡಿ ಹೋಗಿ ಬತ್ತಿದ ಮೇಲೆ ಬೇರೆ ದಾರಿಯೂ ಇರಲಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಹಾಕಬಾರದು ಅಂದಿತು. ನಾವು ಬುಡ ಕೀಳಿಸಿದೆವು. ಮೊದಲ ಎರಡು ವರ್ಷ ರಾಗಿ ಗೇಣುದ್ದ ಬಂದು ನಿಂತಿತು. ಆಮೇಲೆ ಕೆರೆ ಗೋಡು ಹೊಡೆಸಿದೆವು, ಎಕರೆಗೆ ನಲವತ್ತು ಲೋಡು. ಹುರುಳಿ ಚೆಲ್ಲಿ ಹೂವಿಗೆ ಬಂದಾಗ ಉತ್ತುಬಿಟ್ಟೆವು. ನಾಲ್ಕನೇ ವರ್ಷ ರಾಗಿ ತೆನೆ ಮುಷ್ಟಿ ಕಟ್ಟಿತು. ಸತ್ತ ನೆಲ ಎದ್ದು ಕೂರುತ್ತೆ, ಆದರೆ ನಾಲ್ಕು ವರ್ಷ ಬೇರೆ ಕಡೆ ದುಡಿದು ತಿನ್ನುವ ಶಕ್ತಿ ಮನೆಗೆ ಇರಬೇಕು. ನಮ್ಮೆಜಮಾನರು ಗಾರೆ ಕೆಲಸಕ್ಕೆ ಹೋದರು.

ಮಣ್ಣು ಓದುವವ

ಅಕ್ಕ, ಕೊನೆಯ ಎರಡು ಸಾಲು ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಬರೆದುಕೊಂಡಿದ್ದೇನೆ.

ಹಗರಿದಂಡೆ ಅವರಿಗೆ ಕೆಲಸಕ್ಕೆ ಬರುವುದು ಎರಡು ಮೂರು ಹೇಳುತ್ತೇನೆ. ಬಳ್ಳಾರಿಯಲ್ಲೇ 1954ರಿಂದ ಮಣ್ಣು ಮತ್ತು ನೀರು ಉಳಿಸುವ ಸಂಶೋಧನಾ ಕೇಂದ್ರವಿದೆ. ಎರೆ ಹೊಲಕ್ಕೆ ಏನು ಮಾಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ವಿಜಯಪುರ ಕಡೆ ಹಿಂಗಾರಿ ಜೋಳಕ್ಕೆ ಚೌಕು ಮಡಿ ಮಾಡುತ್ತಾರೆ. ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಬದು ಎಳೆದು ಬಿಡುವುದು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಇದಕ್ಕೆ ದೊಡ್ಡ ಹೊಲ ಬೇಕಿಲ್ಲ, ನಿಮ್ಮ ಪಟ್ಟಿಯಲ್ಲೂ ಆಗುತ್ತದೆ. ಒಡ್ಡಿನ ಮೇಲೆ ಲಾವಂಚ ಹಚ್ಚಿ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಹಚ್ಚುತ್ತಾ ಬಂದಿದ್ದಾರೆ, ದನ ಅದನ್ನು ಅಷ್ಟಾಗಿ ಮೇಯುವುದಿಲ್ಲ, ಬೇರು ಗೋಡೆಯ ಹಾಗೆ ಇಳಿಯುತ್ತದೆ.

ಗರಸು ಎದ್ದ ಮೇಲಿನ ತುದಿಗೆ ಗುಳಿ ತೋಡಿ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಾಡೊಗೊ ಅಂತ ಒಬ್ಬ ರೈತರಿದ್ದರು. 1980ರ ದಶಕದ ಬರದಲ್ಲಿ ಎಲ್ಲರೂ ಊರು ಬಿಟ್ಟಾಗ ಅವರು ಕಲ್ಲಿನಂತಾಗಿದ್ದ ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಗುಳಿ ತೋಡಿ, ಗೊಬ್ಬರ ಹಾಕಿ, ಮಳೆಗೆ ಕಾದು ಬಿತ್ತಿದರು. ಗೊಬ್ಬರಕ್ಕೆ ಗೆದ್ದಲು ಬಂದು ನೆಲಕ್ಕೆ ತೂತು ಕೊರೆಯಿತು, ನೀರು ಇಳಿಯಿತು. ಕೊನೆಗೆ ಅಲ್ಲಿ ಕಾಡೇ ಬೆಳೆಯಿತು. 2023ರಲ್ಲಿ ತೀರಿಕೊಂಡರು. ನಮ್ಮ ಹಾವೇರಿ ಕಡೆಯ ಗುಳಿ ರಾಗಿಯೂ ಇದೇ ಜಾತಿಯ ಕೆಲಸ. ಗುಳಿ, ಅದರೊಳಗೆ ಒಂದು ಹಿಡಿ ಗೊಬ್ಬರ, ಎರಡು ಸಸಿ.

ಎಡದಂಡೆ

ಹಗರಿಯ ದಂಡೆಗೆ ಬಳ್ಳಾರಿ ಜಾಲಿ ಹಾಕಿದರೆ ಆಗಲ್ವಾ? ನೀರಿಲ್ಲದೆ ಬೆಳೆಯುತ್ತದೆ, ಮರಳನ್ನೂ ಹಿಡಿಯುತ್ತದೆ.

ಕುರಿಹಟ್ಟಿ

ದಯವಿಟ್ಟು ಬೇಡ ಅಣ್ಣ. ನದಿ ದಂಡೆಗೆ ಹಾಕಿದರೆ ಹತ್ತು ವರ್ಷಕ್ಕೆ ಹೊಲಕ್ಕೆ ಬರುತ್ತದೆ. ಕುರಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹೊತ್ತೊಯ್ಯುತ್ತದೆ, ನಮ್ಮ ಕುರಿಗಳೇ ಎಷ್ಟೋ ಹೊಲ ಕೆಡಿಸಿವೆ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಇದ್ದದ್ದನ್ನು ಕಡಿಯಬೇಡಿ, ಹೊಸದಾಗಿ ಹಾಕಬೇಡಿ. ಲಕ್ಕಿ ಹಾಕಿ, ಹೊಂಗೆ ಹಾಕಿ. ಲಕ್ಕಿ ಕಡ್ಡಿ ಚುಚ್ಚಿದರೂ ಬರುತ್ತದೆ, ಕುರಿ ಮುಟ್ಟುವುದಿಲ್ಲ.

ಹಗರಿದಂಡೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಮೂರು ವಾರದಲ್ಲಿ ಆಗಿದ್ದು ಹೇಳುತ್ತೇನೆ.

ಈ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ತಾವೇ ದೊಡ್ಡಪ್ಪನ ಮನೆಗೆ ಹೋದರು. ಭಾಗ ಆದ ಮೇಲೆ ಆ ಹೊಸ್ತಿಲು ತುಳಿದಿದ್ದು ಮೂರೋ ನಾಲ್ಕೋ ಸಲ. ದೊಡ್ಡಪ್ಪನ ಮಗ, ನಮ್ಮಣ್ಣ, ಕಲ್ಲು ನೋಡಲು ಬಂದ. ಕೂತು ಬೆರಳಿಟ್ಟ. ‘ನಮ್ಮ ಕಡೆಯ ಕಲ್ಲು ಇನ್ನೂ ಜಾಸ್ತಿ ಎದ್ದಿದೆ, ನಾನು ಯಾರೋ ಕಿತ್ತು ಸರಿಸಿದ್ದಾರೆ ಅಂದುಕೊಂಡಿದ್ದೆ’ ಅಂದ. ನಮ್ಮ ಮೇಲೆ ಅನುಮಾನ ಇತ್ತು ಅಂತ ಆಗ ಗೊತ್ತಾಯಿತು. ಅದಕ್ಕೇ ಇಷ್ಟು ವರ್ಷ ಮುಖ ತಿರುಗಿಸುತ್ತಿದ್ದ.

ಈಗ ನಮ್ಮಿಬ್ಬರ ಪಟ್ಟಿ ಸೇರಿಸಿ ಅಡ್ಡ ಹೊಡೆಯುವುದು ಅಂತ ಆಗಿದೆ. ಹದಿನಾರು ಎಕರೆ, ಟ್ರಾಕ್ಟರ್ ತಿರುಗಲು ಧಾರಾಳ ಜಾಗ. ಬಾಂದುಗಲ್ಲು ಇದ್ದಲ್ಲೇ ಇರುತ್ತದೆ, ಸುತ್ತ ಒಂದು ಮಾರು ಬಿಟ್ಟು ಹೊಡೆಯುತ್ತೇವೆ. ಮುರಿದ ಒಡ್ಡುಗಳಲ್ಲಿ ಎರಡನ್ನು ಉದ್ಯೋಗ ಖಾತರಿಯಲ್ಲಿ ಕಟ್ಟಿಸಲು ಅರ್ಜಿ ಕೊಟ್ಟಿದ್ದೇವೆ. ಇನ್ನೊಬ್ಬ ದೊಡ್ಡಪ್ಪನ ಮಕ್ಕಳು ಒಪ್ಪಿಲ್ಲ. ಅವರ ಪಟ್ಟಿ ನಡುವಿನದಲ್ಲ, ಪಕ್ಕದ್ದು. ಹಾಗಾಗಿ ಸದ್ಯಕ್ಕೆ ತೊಂದರೆ ಇಲ್ಲ. ಆದರೆ ಅವರ ಹೊಲದ ನೀರು ನಮ್ಮ ಕೊರಕಲಿಗೇ ಬರುತ್ತದೆ. ಅಪ್ಪ ಮತ್ತೆ ಹೋಗುತ್ತೇನೆ ಅಂದಿದ್ದಾರೆ.

ಅತ್ತೆಯ ಊರಿಗೆ ಲಕ್ಕಿ ಕಡ್ಡಿ ಒಂದು ಮೂಟೆ ಒಯ್ದೆ. ಮಾವನ ಜೊತೆ ಬೇವಿನ ಮರದಿಂದ ಹೊಳೆಯ ಕಡೆಗೆ ಎರಡು ಸಾಲು ಚುಚ್ಚಿದೆವು. ಒಂದು ಸಾಲಿನ ಕಡ್ಡಿಗಳು ಎರಡೇ ದಿನದ ಗಾಳಿಗೆ ಹೂತು ಹೋದವು. ಇನ್ನೊಂದು ಸಾಲಿನಲ್ಲಿ ಚಿಗುರು ಕಾಣುತ್ತಿದೆ ಅಂತ ನಿನ್ನೆ ಫೋನ್ ಮಾಡಿದ್ದರು.

ಸಿಪಾಯಿ ಅಣ್ಣ, ಬನ್ನಿ ಸಸಿ ಎಲ್ಲಿ ಸಿಗುತ್ತದೆ? ಇಲ್ಲಿಯ ನರ್ಸರಿಯಲ್ಲಿ ಕೇಳಿದರೆ ಇಲ್ಲ ಅಂದರು.

ಹಳೇ ಸಿಪಾಯಿ

ನರ್ಸರಿ ಬೇಡ ತಮ್ಮ. ನನ್ನ ಹೊಲದಲ್ಲಿ ಉಳಿದಿದೆಯಲ್ಲ ಒಂದು, ಅದು ಕಾಯಿ ಬಿಡುತ್ತದೆ. ಬೀಜ ಒಣಗಿಸಿ ಇಟ್ಟಿದ್ದೇನೆ. ಬಿಸಿ ನೀರಿಗೆ ಹಾಕಿ ಒಂದು ರಾತ್ರಿ ನೆನೆಸಿ ಹಾಕಬೇಕು, ಇಲ್ಲದಿದ್ದರೆ ಸರಿಯಾಗಿ ಮೊಳೆಯುವುದಿಲ್ಲ. ಚೀಲದಲ್ಲಿ ಬೆಳೆಸಿದರೆ ಉದ್ದ ಚೀಲ ತಗೊಳ್ಳಿ, ತಾಯಿಬೇರು ಬೇಗ ಇಳಿಯುತ್ತದೆ. ನಿಮ್ಮ ಊರಿಗೆ ಬಸ್ಸು ಎಷ್ಟು ಗಂಟೆಗೆ? ಅಂಚೆಯಲ್ಲಿ ಕಳಿಸುವುದಿಲ್ಲ, ನಾನೇ ಬರುತ್ತೇನೆ. ಆ ಕಲ್ಲನ್ನೂ ನೋಡಬೇಕು.